ಸೀಟು ಈ ವರ್ಷದ ಧಾರಣೆಗೆ, ಕೆಲಸ ನಾಲ್ಕು ವರ್ಷದಾಚೆಯ ಮಾರುಕಟ್ಟೆಗೆ

ಮಲೆನಾಡಿನ ಅಡಿಕೆ ಬೆಳೆಯುವ ಮನೆಗಳಲ್ಲಿ ಜುಲೈ, ಆಗಸ್ಟ್ ಅಂದರೆ ಕೈ ಖಾಲಿಯ ತಿಂಗಳು. ಹಿಂದಿನ ಕೊಯ್ಲಿನ ದುಡ್ಡು ಬೇಸಿಗೆಯ ಮದುವೆ-ಮುಂಜಿ, ಗೊಬ್ಬರ, ಸೊಸೈಟಿ ಕಂತು ಅಂತ ಕರಗಿರುತ್ತದೆ. ಮುಂದಿನ ಗೊನೆ ಇಳಿಯಬೇಕಾದರೆ ದಸರಾ ಹತ್ತಿರ ಬರಬೇಕು. ಸರಿಯಾಗಿ ಈ ಸಂದಿಯಲ್ಲೇ ಸಿಇಟಿ ಸೀಟು ಹಂಚಿಕೆ, ಕಾಲೇಜು ಫೀಸು, ಹಾಸ್ಟೆಲ್ ಠೇವಣಿ ಎಲ್ಲ ಒಟ್ಟಿಗೆ ಬರುತ್ತವೆ. ಜೊತೆಗೆ ಕೊಳೆರೋಗಕ್ಕೆ ಎರಡನೇ ಸುತ್ತಿನ ಬೋರ್ಡೋ ದ್ರಾವಣ ಹೊಡೆಸುವ ಖರ್ಚು ಬೇರೆ. ಧಾರಣೆ ಏರಲಿ ಅಂತ ಅಟ್ಟದ ಮೇಲೆ ನಾಲ್ಕು ಮೂಟೆ ರಾಶಿ (ಬೇಯಿಸಿ ಒಣಗಿಸಿದ ಅಡಿಕೆ) ಇಟ್ಟುಕೊಂಡಿದ್ದರೆ, ಅವತ್ತು ಶಿವಮೊಗ್ಗ ಮಂಡಿಯಲ್ಲಿ ಏನು ರೇಟಿದೆಯೋ ಅದಕ್ಕೇ ಅದನ್ನು ಇಳಿಸಬೇಕು.

ಮಗ ಕಂಪ್ಯೂಟರ್ ಸೈನ್ಸಿಗೆ ಹೋಗಬೇಕೋ, ಡಿಪ್ಲೊಮಾಗೋ, ಇಲ್ಲಾ ಊರ ಹತ್ತಿರದ ಸರ್ಕಾರಿ ಕಾಲೇಜಿನ ಬಿ.ಕಾಂ.ಗೋ ಎನ್ನುವುದು ಹೀಗೆ ಅಡಿಕೆ ಧಾರಣೆಯ ಮೇಲೆ ನಿಂತುಬಿಡುತ್ತದೆ. ಆದರೆ ಆ ಓದಿಗೆ ಕೆಲಸ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ನಾಲ್ಕು ವರ್ಷ ಬಿಟ್ಟು ಬೆಂಗಳೂರು, ಅದರ ಬೆನ್ನಿಗೆ ಅಮೆರಿಕದ ಗಿರಾಕಿಗಳು. ಈ ಎರಡು ಮಾರುಕಟ್ಟೆಗಳು ಒಂದನ್ನೊಂದು ಕೇಳಿ ಏರುವುದಿಲ್ಲ, ಇಳಿಯುವುದೂ ಇಲ್ಲ. ನಮ್ಮ ಕಡೆ ಹುಡುಗ ಹುಡುಗಿಯರು ಆರ್ಥಿಕ ಕುಸಿತಕ್ಕೆ ಎರಡು ಸಲ ಸಿಕ್ಕಿಕೊಳ್ಳುವುದು ಇದರಿಂದಲೇ: ಸೇರುವಾಗ ಒಂದು ಸಲ, ಮುಗಿಸುವಾಗ ಇನ್ನೊಂದು ಸಲ.

ಮೊದಲು ತೋಟದ ಲೆಕ್ಕ ನೋಡೋಣ. ಎರಡು ಎಕರೆ, ಎಕರೆಗೆ 6 ಕ್ವಿಂಟಲ್ ರಾಶಿ ಎಂದಿಟ್ಟುಕೊಳ್ಳಿ. ಕ್ವಿಂಟಲ್‌ಗೆ 50,000 ಇದ್ದರೆ 6 ಲಕ್ಷ. ಗೊಬ್ಬರ, ಔಷಧಿ, ಗೊನೆ ತೆಗೆಸುವುದು, ಸುಲಿಸುವುದು, ಬೇಯಿಸಿ ಒಣಗಿಸುವುದು ಸೇರಿ ಎಕರೆಗೆ 1.2 ಲಕ್ಷ ಹೋಯಿತೆನ್ನಿ, ಉಳಿಯುವುದು 3.6 ಲಕ್ಷ. ಧಾರಣೆ 38,000ಕ್ಕೆ ಇಳಿದರೆ ಒಟ್ಟು ಬರುವುದು 4.56 ಲಕ್ಷ. ಖರ್ಚೇನೂ ಇಳಿಯಲಿಲ್ಲ, ಕೂಲಿ ಕೂಲಿಯೇ. ಉಳಿದದ್ದು 2.16 ಲಕ್ಷ. ಧಾರಣೆ ಬಿದ್ದದ್ದು ಶೇ 24, ಮನೆಯ ಆದಾಯ ಬಿದ್ದದ್ದು ಶೇ 40. ಪೇಪರಿನಲ್ಲಿ ‘ಅಡಿಕೆ ಧಾರಣೆ ಅಲ್ಪ ಕುಸಿತ’ ಅಂತ ಬಂದ ದಿನ ಮನೆಯಲ್ಲಿ ಮೌನ ಯಾಕೆ ಎಂದರೆ ಈ ಲೆಕ್ಕಕ್ಕೆ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಬೆಲೆಗೆ ಒಂದು ಕಟ್ಟೆ ಹಾಕಿದಂತೆ, ಸರಿ. ಆದರೆ ಎಲೆಚುಕ್ಕಿ ರೋಗ ಬಂದು ಇಳುವರಿಯೇ ಅರ್ಧವಾದ ತೋಟಕ್ಕೆ ಬೆಲೆಯ ಕಟ್ಟೆಯಿಂದ ಏನೂ ಆಗದು.

ಇಂಥ ವರ್ಷದಲ್ಲಿ ಫೀಸು ಹೊಂದಿಸಲು ಜನ ಮಾಡುವ ಎರಡು ಕೆಲಸ ಮುಂದಿನ ವರ್ಷವನ್ನೂ ಕೆಡಿಸುತ್ತವೆ. ಒಂದು, ಎರಡನೇ ಸುತ್ತಿನ ಔಷಧಿ ಬಿಡುವುದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದರಲ್ಲಿ ತುಟ್ಟಿ ಎಂದರೆ ಹತ್ತುವವನ ಕೂಲಿ. ಮೊದಲ ಸುತ್ತು ಹೊಡೆಸಿ ನಲವತ್ತು, ನಲವತ್ತೈದು ದಿನಕ್ಕೆ ಮತ್ತೆ ಹೊಡೆಸದಿದ್ದರೆ, ಬಿಡದೆ ಹೊಯ್ಯುವ ಮಳೆಯಲ್ಲಿ ಕಾಯಿ ಉದುರಲು ಶುರುವಾಗುತ್ತದೆ. ಆಮೇಲೆ ಧಾರಣೆ ಏರಿದರೂ ಮಾರಲು ಮಾಲಿಲ್ಲ. ಇನ್ನೊಂದು, ಹಸಿ ಫಸಲನ್ನು ಮುಂಗಡ ತೆಗೆದುಕೊಂಡು ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡುವುದು. ಫೀಸಿನ ಕೊನೇ ದಿನದ ಒತ್ತಡದಲ್ಲಿ ಕುದುರುವ ಚೇಣಿ ಯಾವತ್ತೂ ಚೇಣಿದಾರನ ಕಡೆಗೇ ವಾಲಿರುತ್ತದೆ. ದಾಸ್ತಾನಿದ್ದರೆ ಸಹಕಾರ ಸಂಘದಲ್ಲಿ ಅದರ ಮೇಲೆ ಅಡಮಾನ ಸಾಲ ಕೇಳುವುದು ಇವೆರಡಕ್ಕಿಂತ ಎಷ್ಟೋ ವಾಸಿ.

ಇನ್ನು ಆಚೆ ಬದಿಯ ಮಾರುಕಟ್ಟೆ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಮೊದಲ ಅಂದಾಜಿನ ಪ್ರಕಾರ ಶೇ 23.9 ಕುಸಿಯಿತು. ಆ ವರ್ಷ ಮುಗಿಸಿದವರಿಗೆ ಕೆಲಸ ಸಿಗಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕಿಂತ ಗಮನಿಸಬೇಕಾದದ್ದು ಆ ವರ್ಷ ಇಂಜಿನಿಯರಿಂಗ್ ಸೇರಿದವರ ಕತೆ. ಅವರು ಎರಡನೇ ವರ್ಷದಲ್ಲಿದ್ದಾಗ, 2021–22ರಲ್ಲಿ, ಐಟಿ ಕಂಪನಿಗಳು ಬಾಚಿಕೊಂಡು ಜನ ತೆಗೆದುಕೊಂಡವು. ಸೀನಿಯರುಗಳಿಗೆ ಎರಡೆರಡು ಆಫರ್ ಸಿಕ್ಕಿದ್ದನ್ನು ಕಣ್ಣಾರೆ ಕಂಡರು. 2024ರಲ್ಲಿ ತಾವು ಹೊರಬರುವ ಹೊತ್ತಿಗೆ ಮಾತ್ರ ಆಟ ಮುಗಿದಿತ್ತು: 2023–24ರಲ್ಲಿ ದೇಶದ ದೊಡ್ಡ ಐಟಿ ಕಂಪನಿಗಳ ನೌಕರರ ಸಂಖ್ಯೆಯೇ ಇಳಿಯಿತು. ಅದೇ ಕಾಲೇಜು, ಅದೇ ಸಿಲಬಸ್, ಎರಡು ವರ್ಷದ ಅಂತರ, ಅಷ್ಟೇ. ಇಂಜಿನಿಯರುಗಳ ಮಾರುಕಟ್ಟೆಯಲ್ಲಿ ಹೀಗೆ ಏರಿಳಿತ ಮರುಕಳಿಸುವುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1970ರ ದಶಕದಲ್ಲೇ ವಿವರಿಸಿದ್ದರು. ಸಂಬಳ ಚೆನ್ನಾಗಿರುವ ವರ್ಷ ಎಲ್ಲರೂ ಸೇರುತ್ತಾರೆ, ಎಲ್ಲರೂ ಒಟ್ಟಿಗೇ ಹೊರಬರುತ್ತಾರೆ, ಆಗ ಬೆಲೆ ಬೀಳುತ್ತದೆ. ಶುಂಠಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕುಸಿತದ ವರ್ಷ ಡಿಗ್ರಿ ಮುಗಿಸಿದವರ ಸಂಬಳಕ್ಕೆ ಬೀಳುವ ಪೆಟ್ಟು ಎಷ್ಟು ಕಾಲ ಉಳಿಯುತ್ತದೆ? ಕೆನಡಾದ ಪದವೀಧರರ ದಾಖಲೆ ಹಿಡಿದು ಒರಿಯೊಪೌಲಸ್, ಫಾನ್ ವಾಕ್ಟರ್, ಹೈಝ್ ಎಂಬ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯ ಪ್ರಮಾಣದ ಒಂದು ಹಿಂಜರಿತದಲ್ಲಿ ಹೊರಬಂದವರ ಆರಂಭದ ಗಳಿಕೆ ಸುಮಾರು ಶೇ 9 ಕಡಿಮೆ. ಐದು ವರ್ಷಕ್ಕೆ ಆ ಅಂತರ ಅರ್ಧವಾಗಿ, ಹತ್ತು ವರ್ಷದ ಹೊತ್ತಿಗೆ ಮಾಸುತ್ತದೆ. ಹೇಗೆ ಮಾಸುತ್ತದೆ ಎನ್ನುವುದು ನಮಗೆ ಮುಖ್ಯ. ಚೇತರಿಸಿಕೊಂಡವರಲ್ಲಿ ಹೆಚ್ಚಿನವರು ಮೊದಲ ಕೆಲವು ವರ್ಷಗಳಲ್ಲೇ ಸಣ್ಣ, ಕಡಿಮೆ ಸಂಬಳದ ಕಂಪನಿ ಬಿಟ್ಟು ಒಳ್ಳೆಯದಕ್ಕೆ ಹಾರಿದವರು. ಎಲ್ಲಿ ಹತ್ತಿದರೋ ಅಲ್ಲೇ ಕೂತವರಿಗೆ ನಷ್ಟ ಉಳಿದುಹೋಗುತ್ತದೆ.

ನಮ್ಮಲ್ಲಿ ಈ ಹಾರುವಿಕೆಗೆ ಅಡ್ಡ ಬರುವುದು ‘ಪಾಸಾದ ವರ್ಷ’ ಎನ್ನುವ ಜರಡಿ. ಫ್ರೆಷರ್ ನೇಮಕಾತಿಯ ಪ್ರಕಟಣೆಗಳನ್ನು ತೆಗೆದು ನೋಡಿ, ಬಹುಪಾಲು ಹೀಗೇ ಇರುತ್ತವೆ: ಹತ್ತನೇ ತರಗತಿಯಿಂದಲೂ ಶೇ 60, ಬಾಕಿ ಬ್ಯಾಕ್‌ಲಾಗ್ ಇರಕೂಡದು, ಓದಿನ ನಡುವೆ ಹೆಚ್ಚು ಗ್ಯಾಪ್ ಕೂಡದು, ಇಂಥ ವರ್ಷದ ಬ್ಯಾಚಿನವರಿಗೆ ಮಾತ್ರ. ಕುಸಿತ ಒಂದೂವರೆ ವರ್ಷ ಎಳೆಯಿತು ಎಂದರೆ ಚೇತರಿಕೆ ಬಂದಾಗ ಬಾಗಿಲು ತೆರೆಯುವುದು ಹೊಸ ಬ್ಯಾಚಿಗೆ. ಹಳಬರು ಫ್ರೆಷರೂ ಅಲ್ಲ, ಅನುಭವಿಗಳೂ ಅಲ್ಲ. ಅದಕ್ಕೇ ಪರೀಕ್ಷೆ ಮುಗಿದ ದಿನದಿಂದ ಮೊದಲ 12–18 ತಿಂಗಳಿಗೆ ಇಷ್ಟು ಬೆಲೆ. ಅಷ್ಟರೊಳಗೆ ದಾಖಲೆಯಲ್ಲಿ ನಿಲ್ಲುವಂಥ ಯಾವುದೋ ಒಂದು ಕೆಲಸ ಇರಬೇಕು, ಸಂಬಳ ಕಡಿಮೆಯಾದರೂ.

ಆ ‘ಯಾವುದೋ ಒಂದು’ ಎಂಬುದಕ್ಕೆ ಕುಸಿತದ ಕಾಲದಲ್ಲಿ ಅಪ್ರೆಂಟಿಸ್‌ಶಿಪ್ಪಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ಮತ್ತು ನಮ್ಮ ಕಾಲೇಜುಗಳಲ್ಲಿ ಅದರಷ್ಟು ಅಲಕ್ಷ್ಯಕ್ಕೆ ಒಳಗಾದದ್ದೂ ಇನ್ನೊಂದಿಲ್ಲ. ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿ ಯೋಜನೆಯಾದ ಎನ್‌ಎಟಿಎಸ್‌ನ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡು ಸೇರಿದವರಿಗೆ 2019ರ ನಿಯಮದಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಇತ್ತು. ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ವ್ಯಾಪಾರ ಇಳಿದ ಕಂಪನಿ ಕಾಯಂ ಜನ ತೆಗೆದುಕೊಳ್ಳದಿದ್ದರೂ ಅಪ್ರೆಂಟಿಸ್ ತೆಗೆದುಕೊಳ್ಳಲು ಒಪ್ಪುವುದು ಇದಕ್ಕೇ. ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಫೌಂಡ್ರಿಗಳಂಥ ಕಡೆ ಕೇಳುವಾಗ ‘ಕೆಲಸ ಇದೆಯಾ’ ಅನ್ನುವುದಕ್ಕಿಂತ ‘ಅಪ್ರೆಂಟಿಸ್ ಒಪ್ಪಂದ ಪೋರ್ಟಲ್‌ನಲ್ಲಿ ಮಾಡಿಕೊಡ್ತೀರಾ’ ಅಂತ ಕೇಳಬೇಕು. ಒಪ್ಪಂದ ಪೋರ್ಟಲ್‌ಗೆ ಏರದೆ ಬರೀ ಬಾಯಿಮಾತಿನಲ್ಲಿ ವರ್ಷ ಕಳೆದರೆ ಕೊನೆಗೆ ಪ್ರಮಾಣಪತ್ರವೂ ಇಲ್ಲ.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯ ಜೊತೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ ಸಿಕ್ಕ ಯೋಜನೆ ಅದು. ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ; ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು. ಮುಂದೆ ಓದಲು ಸೇರಿದರೂ ಸ್ಟೈಪೆಂಡ್ ಬರುವ ಅಪ್ರೆಂಟಿಸ್ ಆದರೂ ಸಿಗುವುದಿಲ್ಲ. ಮೂರು ಸಾವಿರ ಬಿಟ್ಟುಹೋಗುತ್ತದಲ್ಲ ಎಂದು ಒಂಬತ್ತು ಸಾವಿರದ ಅಪ್ರೆಂಟಿಸ್ ಜಾಗ ಬೇಡ ಅನ್ನುವುದು ಶುದ್ಧ ತಪ್ಪು ಲೆಕ್ಕ. ಹಣದ ಮಾತು ಹಾಗಿರಲಿ, ರೆಸ್ಯೂಮೆಯಲ್ಲಿ ಒಂದು ವರ್ಷ ತುಂಬುತ್ತದೆ.

ಭದ್ರಾವತಿಯಲ್ಲಿ ಇದೇ ಅಪ್ರೆಂಟಿಸ್ ಏಣಿ ಮುರಿದುಬಿದ್ದದ್ದನ್ನು ನೋಡಬಹುದು. ಕಬ್ಬಿಣದ ಕಾರ್ಖಾನೆ (ಈಗಿನ ವಿಐಎಸ್‌ಎಲ್) 1923ರಲ್ಲಿ ಉತ್ಪಾದನೆ ಶುರುಮಾಡಿತು, ಕಾಗದದ ಕಾರ್ಖಾನೆ (ಎಂಪಿಎಂ) 1930ರ ದಶಕದ್ದು. ಎರಡು ಮೂರು ತಲೆಮಾರು ಎಸೆಸೆಲ್ಸಿ ಆದ ಹುಡುಗರು ಐಟಿಐ ಮಾಡಿ, ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಆಗಿ ಒಳಹೋಗುವ ದಾರಿ ಇತ್ತು. ಎಂಪಿಎಂ 2015ರ ಹೊತ್ತಿಗೆ ನಿಂತಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು ಅದರ ಒಡೆಯ ಸಂಸ್ಥೆ ಸೈಲ್ 2023ರ ಜನವರಿಯಲ್ಲಿ ಪ್ರಕಟಿಸಿತು, ವಿರೋಧದ ಮೇಲೆ ಅದೇ ವರ್ಷ ಸ್ವಲ್ಪ ಕೆಲಸ ಮತ್ತೆ ಆರಂಭವಾಯಿತು. ಇಲ್ಲಿ ಹೋದದ್ದನ್ನು ನೌಕರಿಗಳ ಸಂಖ್ಯೆಯಲ್ಲಿ ಅಳೆದರೆ ಅರ್ಧ ಮಾತ್ರ ಕಾಣುತ್ತದೆ. ಕಲಿಯುವ ಜಾಗವೇ ಹೋಯಿತು: ದೊಡ್ಡ ಯಂತ್ರದ ಮೇಲೆ ಕೈ ಪಳಗಿಸಿಕೊಂಡು, ಆಮೇಲೆ ಹೊಸಪೇಟೆಗೋ ಪೀಣ್ಯಕ್ಕೋ ಹೋಗಿ ಹೆಚ್ಚು ಸಂಬಳ ಕೇಳುವ ಮೊದಲ ಮೆಟ್ಟಿಲು. ಆರ್ಥಿಕತೆ ಚೇತರಿಸಿದರೂ ಇಂಥ ಮೆಟ್ಟಿಲು ತಾನಾಗಿ ಬೆಳೆಯುವುದಿಲ್ಲ.

ಬಡತನ ಬಂದಾಗ ಮಕ್ಕಳು ಶಾಲೆ ಬಿಡುತ್ತಾರೆ ಎನ್ನುವುದು ಅರ್ಧ ನಿಜ. ಗ್ರಾಮೀಣ ಭಾರತದ ಮಕ್ಕಳ ಓದು-ಲೆಕ್ಕದ ಅಳತೆಯನ್ನು ಮಳೆಯ ದಾಖಲೆಯೊಂದಿಗೆ ಇಟ್ಟು ನೋಡಿದ ಮನೀಷಾ ಶಾ ಮತ್ತು ಬ್ರೈಸ್ ಸ್ಟೈನ್‌ಬರ್ಗ್ ಅವರಿಗೆ ಉಲ್ಟಾ ಕಂಡಿತು. 2017ರಲ್ಲಿ ಪ್ರಕಟವಾದ ಅಧ್ಯಯನ. ಮಳೆ ಚೆನ್ನಾಗಿ ಆಗಿ ಕೂಲಿ ಏರಿದ ವರ್ಷ ಶಾಲೆಗೆ ಹೋಗುವುದು ಇಳಿಯುತ್ತದೆ, ಯಾಕೆಂದರೆ ಆಗ ದುಡಿದರೆ ದುಡ್ಡಿದೆ. ಕೊಯ್ಲಿನ ಕಾಲಕ್ಕೆ ಸಾಗರ, ಹೊಸನಗರದ ಕಡೆ ಬಂದು ನೋಡಿದರೆ ಇದಕ್ಕೆ ಅಧ್ಯಯನ ಬೇಡ. ಗೊನೆ ಕೊಯ್ಯುವ ಕೊನೆಗೌಡರು ಸಿಗದೆ ತೋಟದವರು ಕಾದು ಕೂತಿರುತ್ತಾರೆ. ಮರ ಹತ್ತಬಲ್ಲ ಹುಡುಗನಿಗೆ ದಿನಕ್ಕೆ ಸಿಗುವ ಕೂಲಿ ಊರಿನ ಯಾವ ಅಂಗಡಿಯ ಸಂಬಳಕ್ಕೂ ಮೇಲು. ಅಮ್ಮನ ಜೊತೆ ರಾತ್ರಿ ಸುಲಿಯಲು ಕೂತ ಹುಡುಗಿ ಬೆಳಗ್ಗೆ ಕ್ಲಾಸಿನಲ್ಲಿ ತೂಕಡಿಸುತ್ತಾಳೆ. ಪಿಯುಸಿಯಲ್ಲಿ ಹಾಜರಾತಿ ಶೇ 75ಕ್ಕಿಂತ ಕೆಳಗಿಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಮತ್ತು ಅದು ಗೊತ್ತಾಗುವುದು ಫೆಬ್ರವರಿಯಲ್ಲಿ, ಅಡಿಕೆ ಎಲ್ಲ ಒಣಗಿ ಮುಗಿದ ಮೇಲೆ. ತೋಟವಿಲ್ಲದ ಮನೆಗೆ ಧಾರಣೆ ಏರಿದ ವರ್ಷವೇ ಓದಿಗೆ ಗಂಡಾಂತರದ ವರ್ಷ.

ತೋಟ ಇರುವವರು ಒಳ್ಳೆಯ ವರ್ಷದಲ್ಲಿ ಮಾಡಿಕೊಳ್ಳುವ ಎಡವಟ್ಟು ಬೇರೆ. ಧಾರಣೆ ಏರಿತು ಅಂತ ಎಂಟನೇ ಕ್ಲಾಸಿಗೆ ಮಗುವನ್ನು ಶಿವಮೊಗ್ಗ ನಗರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕುತ್ತಾರೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲು ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ ಒಂದರಿಂದ ಹತ್ತರವರೆಗೆ, ಪೂರ್ತಿ ಹತ್ತು ವರ್ಷ ಬೇಕು. ಏಳು ವರ್ಷ ಹಳ್ಳಿ ಶಾಲೆಯಲ್ಲಿ ಓದಿಸಿ ಕೊನೆಯ ಮೂರು ವರ್ಷಕ್ಕೆ ಎರಡೂ ಕೈಬಿಟ್ಟಂತೆ. ಐದು ವರ್ಷದ ಮೇಲೆ ಧಾರಣೆ ಬಿದ್ದಾಗ ಆ ಸರ್ಕಾರಿ ಸೀಟಿನ ಬೆಲೆ ಗೊತ್ತಾಗುತ್ತದೆ. ಕುಸಿತದಲ್ಲಿ ಸಿಕ್ಕಿದವರು ಎಸ್‌ಎನ್‌ಕ್ಯು ಕೋಟಾವನ್ನೂ ಮರೆಯಬಾರದು. ಕುಟುಂಬದ ಆದಾಯ 8 ಲಕ್ಷದ ಒಳಗಿದ್ದರೆ, ಪ್ರತಿ ಕೋರ್ಸಿನ ಹೆಚ್ಚುವರಿ ಶೇ 5ರಷ್ಟು ಸೀಟುಗಳಲ್ಲಿ ಬೋಧನಾ ಶುಲ್ಕ ಮನ್ನಾ. ಇದಕ್ಕೆ ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು. ಆ ಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಒಳ್ಳೆಯ ವರ್ಷದಲ್ಲಿ ಹೆಚ್ಚು ಆದಾಯ ಬರೆಸಿ ಮಾಡಿಸಿದ ಹಳೆಯದನ್ನೇ ಹಿಡಿದುಕೊಂಡು ಹೋಗಬೇಡಿ, ಆದಾಯ ಇಳಿದಿದ್ದರೆ ಹೊಸದಕ್ಕೆ ಅರ್ಜಿ ಹಾಕಿ.

ವಿದ್ಯಾರ್ಥಿವೇತನ ನಿಲ್ಲುವುದು ಬಹುತೇಕ ಸಣ್ಣ ಕಾರಣಕ್ಕೆ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ಅಪ್ಪನಿಗೆ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇಲ್ಲ, ಹಾಗಾಗಿ ರೈತರ ಮಕ್ಕಳ ಲೆಕ್ಕಕ್ಕೆ ಬರುವುದಿಲ್ಲ. ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ. ಖಾತೆಗೆ ಆಧಾರ್ ಜೋಡಣೆಯಾಗಿದೆ, ಆದರೆ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕೆಂಬ ಗುರುತು) ಬೇರೆ ಯಾವುದೋ ಬ್ಯಾಂಕಿಗೆ ಇದೆ. ದುಡ್ಡು ಅಲ್ಲಿಗೆ ಹೋಗಿ ಕೂತಿರುತ್ತದೆ, ಇಲ್ಲವೇ ವಾಪಸ್ ಹೋಗಿರುತ್ತದೆ. ಈ ಮೂರನ್ನು ಪಿಯುಸಿ ಮುಗಿಯುವ ಮೊದಲೇ ಸರಿಮಾಡಿಸಿ. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ತಿಂಗಳುಗಟ್ಟಲೆ ಬೇಕಾಗುತ್ತದೆ.

ಈಗ ಸಾಲ. ಇದನ್ನು ನಿಧಾನವಾಗಿ ನೋಡಬೇಕು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನವಿಲ್ಲ, ನಮ್ಮ ಕೈಯಿಂದ ಪಾಲು ಹಾಕಬೇಕಾಗಿಲ್ಲ, 7.5 ಲಕ್ಷ ದಾಟಿದರೆ ಆಸ್ತಿ ಕೇಳುತ್ತಾರೆ. ಅಪ್ಪನೋ ಅಮ್ಮನೋ ಸಹ-ಸಾಲಗಾರರು. ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷಕ್ಕೆ. ‘ಅಲ್ಲಿಯವರೆಗೆ ಏನೂ ಕಟ್ಟಬೇಕಾಗಿಲ್ಲ’ ಎಂಬ ಮಾತು ಕೇಳಲು ಹಿತ. ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. 5 ಲಕ್ಷ ಸಾಲ, ವರ್ಷಕ್ಕೆ 1.25 ಲಕ್ಷದಂತೆ ನಾಲ್ಕು ಕಂತಿನಲ್ಲಿ ಬಿಡುಗಡೆ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಮೊದಲ ಕಂತಿಗೆ ಐದು ವರ್ಷದ ಸರಳ ಬಡ್ಡಿ 62,500, ಎರಡನೆಯದಕ್ಕೆ 50,000, ಆಮೇಲೆ 37,500, 25,000. ಒಟ್ಟು 1.75 ಲಕ್ಷ ಅಸಲಿಗೆ ಸೇರಿ 6.75 ಲಕ್ಷವಾಗುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 8,920 ರೂಪಾಯಿ.

ಬಡ್ಡಿಯನ್ನು ಓದುವಾಗಲೇ ಕಟ್ಟುತ್ತ ಹೋದರೆ ಮೊದಲ ವರ್ಷ ತಿಂಗಳಿಗೆ 1,042, ಎರಡನೇ ವರ್ಷ 2,083, ಮೂರನೆಯದರಲ್ಲಿ 3,125, ಆಮೇಲೆ 4,167. ಆಗ ಕಂತು 6,608ರ ಆಸುಪಾಸಿಗೆ ನಿಲ್ಲುತ್ತದೆ, ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇ 1 ರಿಯಾಯಿತಿಯನ್ನೂ ಕೊಡುತ್ತವೆ. ಅಡಿಕೆ ಮನೆಗೆ ತಿಂಗಳ ಲೆಕ್ಕ ಒಗ್ಗದಿದ್ದರೆ ಜನವರಿಯಲ್ಲಿ ಮಾಲು ಮಾರಿದಾಗ ವರ್ಷದ್ದನ್ನು ಒಟ್ಟಿಗೆ ಕಟ್ಟಿ, ರಸೀದಿಯಲ್ಲಿ ಬಡ್ಡಿಗೆ ಜಮಾ ಆಯಿತೇ ನೋಡಿ. ಸುಮಾರು 3.5 ಲಕ್ಷ ವಾರ್ಷಿಕ ಪ್ಯಾಕೇಜ್ ಎಂದರೆ ಕೈಗೆ ಬರುವುದು 23ರಿಂದ 25 ಸಾವಿರ. ಫ್ರೆಷರುಗಳ ಈ ಸಂಬಳ ಹತ್ತು ವರ್ಷದಿಂದ ಹೆಚ್ಚೂ ಕಡಿಮೆ ಅಲ್ಲೇ ನಿಂತಿದೆ. ಬೆಂಗಳೂರಿನ ಪಿಜಿ, ಊಟ, ಬಸ್ಸು ಕಳೆದರೆ 6,600 ಕಷ್ಟಪಟ್ಟು ಹೊರಡುತ್ತದೆ, 8,900 ಹೊರಡುವುದಿಲ್ಲ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗಿನ ಆದಾಯದವರಿಗೆ ಶೇ 3 ಬಡ್ಡಿ ರಿಯಾಯಿತಿ ಇದೆ. ಆಯ್ದ ಸಂಸ್ಥೆಗಳಿಗೆ ಮಾತ್ರ, ಹಾಗಾಗಿ ಸೀಟು ಒಪ್ಪುವ ಮೊದಲು ಕಾಲೇಜು ಪಟ್ಟಿಯಲ್ಲಿದೆಯೇ ನೋಡಿ.

ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಸೆಸೆಲ್ಸಿ ಆದಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಆಮೇಲೆ ಮಾರುಕಟ್ಟೆ ನೋಡಿ ಕೆಲಸವೋ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿ.ಇ.ಯೋ ಎಂದು ತೀರ್ಮಾನಿಸುವ ದಾರಿ ಇದೆ. ನಾಲ್ಕು ವರ್ಷ ಮುಂಚೆಯೇ ಪಣ ಕಟ್ಟುವ ಬದಲು ಮಧ್ಯದಲ್ಲಿ ನಿಂತು ನೋಡಲು ಒಂದು ಕಟ್ಟೆ ಸಿಗುತ್ತದೆ.

ಕೆಲಸ ಇಲ್ಲದ ವರ್ಷ ಮೋಸಕ್ಕೆ ಸುಗ್ಗಿ. ತರಬೇತಿಗೆ ದುಡ್ಡು ಕಟ್ಟಿ ಕೆಲಸ ಖಾತರಿ ಅನ್ನುವುದು, ‘ಬ್ಯಾಕ್‌ಡೋರ್’ ಎನ್ನುವುದು, ಎರಡು ವರ್ಷದ ನಕಲಿ ಅನುಭವ ಪತ್ರ ಮಾಡಿಕೊಡುವುದು. ಕೊನೆಯದು ಎಲ್ಲಕ್ಕಿಂತ ಅಪಾಯ. ಪಿಎಫ್‌ನ ಯುಎಎನ್ ದಾಖಲೆಯಲ್ಲಿ ಯಾವ ಕಂಪನಿ, ಯಾವ ತಿಂಗಳಿಂದ ಎನ್ನುವುದೆಲ್ಲ ಇರುತ್ತದೆ. ಒಳ್ಳೆಯ ಕಂಪನಿಗಳು ಅದನ್ನು ನೋಡಿಯೇ ನೋಡುತ್ತವೆ, ಸೇರಿ ಆರು ತಿಂಗಳಾದ ಮೇಲೆ ಸಿಕ್ಕಿಬಿದ್ದರೂ ಹೊರಗೆ. ಆಫರ್ ಪತ್ರ ಬಂದರೆ ಕಂಪನಿಯ ನೋಂದಣಿಯನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹುಡುಕಿ, ಮೇಲ್ ವಿಳಾಸ ಕಂಪನಿಯದ್ದೇ ಹೌದೇ ನೋಡಿ. ಬಾಂಡ್ ಕೇಳಿದರೆ ಮೊತ್ತ ಮತ್ತು ಅವಧಿ ಓದಿ ಸಹಿ ಹಾಕಿ, ಆದರೆ ಮೂಲ ಅಂಕಪಟ್ಟಿ ಮಾತ್ರ ಯಾರ ಕೈಗೂ ಕೊಡಬೇಡಿ. ಎರಡನೇ ಕೆಲಸಕ್ಕೆ ಹಾರಬೇಕಾದ ಹೊತ್ತಿನಲ್ಲಿ ಅದೇ ಸಂಕೋಲೆಯಾಗುತ್ತದೆ.

ಇಬ್ಬರು ಮಕ್ಕಳಿದ್ದು ಕೈ ಕಟ್ಟಿದ ವರ್ಷ ಹೆಚ್ಚಾಗಿ ಮಗ ಬೆಂಗಳೂರಿಗೆ, ಮಗಳು ಮನೆಯಿಂದ ಓಡಾಡುವ ಕಾಲೇಜಿಗೆ. 1998ರ ಕುಸಿತದಲ್ಲಿ ಇಂಡೊನೇಷ್ಯಾದ ಬಡ ಕುಟುಂಬಗಳು ದೊಡ್ಡ ಮಕ್ಕಳ ಓದು ಉಳಿಸಿಕೊಳ್ಳಲು ಚಿಕ್ಕವರ ಓದಿನ ಖರ್ಚು ಕಡಿತ ಮಾಡಿದ್ದು ದಾಖಲಾಗಿದೆ. ನಮ್ಮಲ್ಲಿ ಆ ಗೆರೆ ವಯಸ್ಸಿಗಿಂತ ಹೆಣ್ಣು-ಗಂಡಿನ ನಡುವೆ ಬೀಳುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬಸ್ ಖರ್ಚು ತಪ್ಪಬೇಕಿತ್ತು. ಆದರೆ ತೀರ್ಥಹಳ್ಳಿ, ಹೊಸನಗರದ ಒಳಮಾರ್ಗಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಲೇಬೇಕು. ಕಾಲೇಜು ಆರಿಸುವಾಗ ಬೆಳಗ್ಗೆ ಎಂಟರ ಒಳಗೆ ಸರ್ಕಾರಿ ಬಸ್ಸಿದೆಯೇ, ಸಂಜೆ ಕೊನೇ ಬಸ್ಸು ಎಷ್ಟಕ್ಕೆ ಎಂದು ವಿಚಾರಿಸಿಕೊಂಡರೆ ವರ್ಷಕ್ಕೆ ಸಾವಿರಾರು ರೂಪಾಯಿ ವ್ಯತ್ಯಾಸ.

ಕೊನೆಗೆ, ಕೆಲಸ ಸಿಗದೆ ಆ ಒಂದು ವರ್ಷದ ವಿನಾಯಿತಿ ಮುಗಿಯುತ್ತ ಬಂದಿದ್ದರೆ. ಬ್ಯಾಂಕಿನಿಂದ ಫೋನ್ ಬರುವವರೆಗೆ ಕಾಯಬೇಡಿ. ಕಂತು 90 ದಿನ ಬಾಕಿಯಾದರೆ ಸಾಲ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಸಹ-ಸಾಲಗಾರ ಅಪ್ಪನ ಸಿಬಿಲ್ ಅಂಕ ಕೂಡ ಕೆಡುತ್ತದೆ, ಮುಂದೆ ಬ್ಯಾಂಕಿನಲ್ಲಿ ಬೆಳೆಸಾಲಕ್ಕೆ ಹೋದಾಗ ಅದೇ ಎದ್ದು ಕಾಣುತ್ತದೆ. ಎರಡು ಮೂರು ತಿಂಗಳು ಮೊದಲೇ ಶಾಖೆಗೆ ಹೋಗಿ, ಅವಧಿಯನ್ನು 15 ವರ್ಷಕ್ಕೆ ವಿಸ್ತರಿಸಿಕೊಡಿ ಎಂದು ಬರಹದಲ್ಲಿ ಕೇಳಿ. ಮೇಲಿನ ಲೆಕ್ಕದಲ್ಲಿ 8,920 ಇದ್ದದ್ದು 7,254ಕ್ಕೆ ಇಳಿಯುತ್ತದೆ, ಒಟ್ಟು ಕಟ್ಟುವುದು ಮಾತ್ರ 10.7 ಲಕ್ಷದಿಂದ 13 ಲಕ್ಷಕ್ಕೆ ಏರುತ್ತದೆ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಕೆಲಸ ಸಿಕ್ಕ ಮೇಲೆ ಕೈಯಲ್ಲಿ ದುಡ್ಡು ಉಳಿದಾಗಲೆಲ್ಲ ಅಸಲಿಗೆ ಹೆಚ್ಚುವರಿ ಕಟ್ಟಿ ಅವಧಿಯನ್ನು ಮತ್ತೆ ಮೊಟಕು ಮಾಡಿಕೊಳ್ಳಬಹುದು.